ಕಿಟಕಿಯಲ್ಲಿ ಕಂಡ ಹಳದಿ ಹೂವು

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರಿಗೆ ರೈಲುಪ್ರಯಾಣ ಹೊಸದಲ್ಲ. ಮುಂಬಯಿಯಿಂದ ಬೆಳಗ್ಗೆ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ ಪುಣೆಯನ್ನು ಹಿಂದಿಕ್ಕಿ ಸೊಲ್ಲಾಪುರ, ಕಲಬುರ್ಗಿಗಳತ್ತ ಸಾಗುವಾಗ ಹಗಲ ಬೆಳಕು ಇನ್ನೂ ಉಳಿದಿರುತ್ತದೆ. ಮಳೆಗಾಲ ಮುಗಿದು ದೀಪಾವಳಿ ಸಮೀಪಿಸಿದ ದಿನಗಳಾದರೆ ಹಳಿಯ ಪಕ್ಕದ ಒಣನೆಲದಲ್ಲಿ ಎದೆಯೆತ್ತರದ ಪೊದೆಯೊಂದು ಮೈತುಂಬ ಹಳದಿ ಹೂ ಹೊತ್ತು ನಿಂತಿರುತ್ತದೆ. ಕಂಡಿತು ಎನ್ನುವಷ್ಟರಲ್ಲಿ ಅದು ಮರೆಯಾಗುತ್ತದೆ. ಎದುರು ಕುಳಿತವರು “ಅದೇನು ಹೂವು?” ಎಂದು ಕೇಳುತ್ತಾರೆ. ಒಬ್ಬರು ತಂಗಡಿ ಎನ್ನುತ್ತಾರೆ. ಮತ್ತೊಬ್ಬರು ಕಣಗಿಲೆ ಎನ್ನುತ್ತಾರೆ. ಇನ್ನೊಬ್ಬರು, “ಯಾವುದಾದರೇನು, ಸಕ್ಕರೆ ಕಾಯಿಲೆಗೆ ಅದರ ಕಷಾಯ ಬಹಳ ಒಳ್ಳೆಯದಂತೆ” ಎಂದು ಸೇರಿಸುತ್ತಾರೆ.

ಈ ಮೂರನೆಯ ಮಾತು ಬಂದ ಕೂಡಲೆ ವಿಷಯ ಕೇವಲ ಕುತೂಹಲದ್ದಾಗಿ ಉಳಿಯುವುದಿಲ್ಲ. ಹಳದಿ ಹೂ ಬಿಡುವ ಪೊದೆಗಳಲ್ಲಿ ಮದ್ದಿನದೂ ಉಂಟು, ಅಡುಗೆಯದೂ ಉಂಟು, ಪ್ರಾಣ ತೆಗೆಯುವ ವಿಷದ್ದೂ ಉಂಟು. ಅವುಗಳ ನಡುವಿನ ವ್ಯತ್ಯಾಸವನ್ನು ತಿಳಿಯುವುದು ಸಸ್ಯಶಾಸ್ತ್ರಜ್ಞರ ಕೆಲಸವಷ್ಟೇ ಅಲ್ಲ; ಮನೆಯಲ್ಲಿ ಮಕ್ಕಳು, ವೃದ್ಧರು ಇರುವ ಪ್ರತಿಯೊಬ್ಬ ಗೃಹಸ್ಥನಿಗೂ ಸಂಬಂಧಿಸಿದ ಸಂಗತಿ.

ಕಣ್ಣು ಹಿಡಿಯುವುದು ಬಣ್ಣವನ್ನು

ಗಂಟೆಗೆ 72 ಕಿಲೋಮೀಟರು ವೇಗದಲ್ಲಿ ಓಡುವ ಗಾಡಿ ಒಂದು ಸೆಕೆಂಡಿಗೆ 20 ಮೀಟರು ದಾಟುತ್ತದೆ. ಹಳಿಗೆ ಹತ್ತಿರವಿರುವ ಗಿಡ ಕಣ್ಣಿನ ಮುಂದೆ ಇರುವುದು ಬಹಳವಾದರೆ ಒಂದು ಕ್ಷಣ. ಅಷ್ಟರಲ್ಲಿ ಕಣ್ಣು ಮೊದಲು ಹಿಡಿಯುವುದು ಬಣ್ಣವನ್ನು. ನೆನಪಿನಲ್ಲಿ ಕೊನೆಯವರೆಗೆ ಉಳಿಯುವುದೂ ಬಣ್ಣವೇ. ಆದರೆ ಗಿಡದ ಗುರುತಿಗೆ ಅತ್ಯಂತ ಕಡಿಮೆ ಸಾಕ್ಷ್ಯ ನೀಡುವುದೂ ಅದೇ ಎಂಬುದು ವಿಚಿತ್ರವಾದರೂ ಸತ್ಯ. ಒಂದಕ್ಕೊಂದು ಯಾವ ನಂಟೂ ಇಲ್ಲದ ಗಿಡಗಳು ಒಂದೇ ಬಣ್ಣದ ಹೂ ಬಿಡುತ್ತವೆ. ಒಂದೇ ಜಾತಿಯ ಕಣಗಿಲೆ ಬಿಳಿ, ಗುಲಾಬಿ, ಕೆಂಪು ಬಣ್ಣಗಳಲ್ಲಿ ಅರಳುತ್ತದೆ.

ಬ್ಯಾಂಕಿನಲ್ಲಿ ಚೆಕ್ಕಿನ ರುಜುವನ್ನು ಪರಿಶೀಲಿಸುವ ಅಧಿಕಾರಿ ಶಾಯಿ ನೀಲಿಯೋ ಕಪ್ಪೋ ಎಂದು ನೋಡಿ ಹಣ ಪಾವತಿಗೆ ಒಪ್ಪಿಗೆ ಕೊಡುವುದಿಲ್ಲ. ಅಕ್ಷರದ ವಾಲು, ಎಳೆತ, ತಿರುವು, ಕೊನೆಯ ಗೆರೆ ಇವುಗಳನ್ನು ಮಾದರಿ ರುಜುವಿನೊಡನೆ ಹೋಲಿಸುತ್ತಾನೆ. ಗಿಡಕ್ಕೂ ಅಂಥ ರುಜು ಇದೆ. ಅದು ಇರುವುದು ಎಲೆಯ ಜೋಡಣೆಯಲ್ಲಿ, ಹೂವಿನ ಆಕಾರದಲ್ಲಿ, ಕಾಯಿಯ ರೂಪದಲ್ಲಿ, ಗಿಡ ನಿಂತ ನಿಲುವಿನಲ್ಲಿ. ನಮ್ಮ ಹಾದಿಗಳಲ್ಲಿ ಸಾಮಾನ್ಯವಾಗಿ ಕಾಣುವ ಹಳದಿ ಹೂವಿನ ಗಿಡಗಳ ರುಜುಗಳನ್ನು ಇಲ್ಲಿ ಒಂದೊಂದಾಗಿ ನೋಡಬಹುದು.

ತಂಗಡಿ

ದಖ್ಖನ್ನಿನ ಒಣನೆಲದಲ್ಲಿ ಯಾರೂ ನೆಡದೆ ಬೆಳೆದ ಹಳದಿ ಪೊದೆ ತಂಗಡಿಯಾಗಿರುವ ಸಂಭವ ಹೆಚ್ಚು. ಇದನ್ನು ಆವರಿಕೆ, ತಂಗಟೆ ಎಂದೂ ಕರೆಯುವುದುಂಟು. ತೆಲುಗಿನಲ್ಲಿ ತಂಗೇಡು, ತಮಿಳಿನಲ್ಲಿ ಆವಾರೈ, ಮರಾಠಿಯಲ್ಲಿ ತರವಡ. ಶಾಸ್ತ್ರೀಯ ನಾಮ ಸೆನ್ನಾ ಆರಿಕ್ಯುಲೇಟಾ. ಲ್ಯಾಟಿನ್ನಿನ ಈ ಎರಡನೆಯ ಪದಕ್ಕೆ ‘ಕಿವಿಯುಳ್ಳದ್ದು’ ಎಂದು ಅರ್ಥ. ಎಲೆದಂಟು ಕಾಂಡಕ್ಕೆ ಕೂಡುವ ಬುಡದಲ್ಲಿ ಕಿವಿಯ ಆಕಾರದ ಅಗಲವಾದ ಎರಡು ಹಸುರು ಪುಚ್ಛಗಳಿರುತ್ತವೆ; ಅವು ಬೇಗ ಉದುರುವುದಿಲ್ಲ. ತಂಗಡಿಯನ್ನು ಖಚಿತಪಡಿಸುವ ಅಚ್ಚುಕಟ್ಟಾದ ಗುರುತು ಇದೇ.

ಇದರ ಎಲೆ ಹುಣಿಸೆ ಎಲೆಯ ಮಾದರಿಯದು. ಒಂದೇ ದಂಟಿನ ಎರಡು ಬದಿಗಳಲ್ಲಿ 8ರಿಂದ 12 ಜೊತೆ ಕಿರುಎಲೆಗಳು, ತುದಿ ಮೊಂಡು. ಹೂವು ಐದು ಬಿಡಿ ಎಸಳುಗಳದ್ದು, ತಟ್ಟೆಯಂತೆ ತೆರೆದುಕೊಂಡದ್ದು. ರೆಂಬೆಯ ತುದಿಯಲ್ಲಿ ಗೊಂಚಲು ಗೊಂಚಲಾಗಿ ಬಿಡುತ್ತದೆ. ಕಾಯಿ ತೆಳ್ಳಗೆ, ಚಪ್ಪಟೆಯಾಗಿ, ಒಣಗಿದಾಗ ಕಂದು ಕಾಗದದಂತಿರುತ್ತದೆ.

ತಂಗಡಿಯ ತೊಗಟೆಯಲ್ಲಿ ಚರ್ಮ ಹದ ಮಾಡುವ ಒಗರು ಸತ್ವವಿದೆ. ದಕ್ಷಿಣ ಭಾರತದ ಚರ್ಮೋದ್ಯಮ ಬಹುಕಾಲ ಇದನ್ನೇ ಅವಲಂಬಿಸಿತ್ತು. ಮಧ್ಯ ಕರ್ನಾಟಕದ ಹಳ್ಳಿಗಳಲ್ಲಿ ದೀಪಾವಳಿಯಂದು ಸಗಣಿಯಿಂದ ಮಾಡಿದ ಹಟ್ಟಿ ಲಕ್ಕಮ್ಮನಿಗೆ ಏರಿಸುವ ಹೂಗಳಲ್ಲಿ ತಂಗಟೆಯೂ ಒಂದು. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರು ಇದನ್ನು ಬತುಕಮ್ಮ ಹಬ್ಬದಲ್ಲಿ ಕಂಡೇ ಇರುತ್ತಾರೆ. 2014ರಲ್ಲಿ ರೂಪುಗೊಂಡ ತೆಲಂಗಾಣಕ್ಕೆ ಇದೇ ರಾಜ್ಯಪುಷ್ಪ. ಚೆನ್ನೈಯಲ್ಲಿ ಇದರ ಒಣಹೂವು ನಾಟಿಮದ್ದಿನ ಅಂಗಡಿಗಳಲ್ಲಿ ದೊರೆಯುತ್ತದೆ. ಸಿದ್ಧವೈದ್ಯದಲ್ಲಿ ಮಧುಮೇಹಕ್ಕೆ ಹೇಳಿರುವ ‘ಆವಾರೈ ಕುಡಿನೀರ್’ ಎಂಬ ಕಷಾಯದಲ್ಲಿ ಈ ಗಿಡವೇ ಮುಖ್ಯ. ಸಕ್ಕರೆ ಕಾಯಿಲೆಗೆ ಹಳದಿ ಹೂವು ಒಳ್ಳೆಯದೆಂಬ ಮಾತಿಗೆ ಇಂಥ ಬಳಕೆಯೇ ಆಧಾರ. ಆದರೆ ಆ ಮಾತು ಬಾಯಿಂದ ಬಾಯಿಗೆ ಹೋಗುವಾಗ ಗಿಡದ ಹೆಸರು ಉದುರಿಹೋಗಿ ಬಣ್ಣ ಮಾತ್ರ ಉಳಿಯುತ್ತದೆ. ಅಪಾಯ ಹುಟ್ಟುವುದು ಅಲ್ಲಿ.

ತಗಚೆ ಮತ್ತು ದೊಡ್ಡ ತಗಚೆ

ತಂಗಡಿಯ ಹತ್ತಿರದ ಬಂಧುಗಳು ಇವೆರಡು. ಕರಾವಳಿಯವರಿಗೆ ತಗಚೆಯನ್ನು ಪರಿಚಯಿಸಬೇಕಾಗಿಲ್ಲ. ತುಳುವಿನಲ್ಲಿ ತಜಂಕ್, ಕೊಂಕಣಿಯಲ್ಲಿ ತಾಯ್ಕಿಳೊ ಎಂದು ಕರೆಯುವ ಇದರ ಎಳೆಯ ಸೊಪ್ಪು ಆಟಿ ತಿಂಗಳಿನ ಅಡುಗೆಯದು. ಮುಂಬಯಿಯ ಮಾರುಕಟ್ಟೆಗಳಲ್ಲಿ ಮಳೆ ಬಿದ್ದ ಕೆಲವು ದಿನಗಳಲ್ಲೇ ‘ಟಾಕಳಾ’ ಎಂಬ ಹೆಸರಿನಲ್ಲಿ ಇದು ಮಾರಾಟಕ್ಕೆ ಬರುತ್ತದೆ. ಸಾಮಾನ್ಯವಾಗಿ ಸೊಂಟದೆತ್ತರವನ್ನು ಮೀರದ ಗಿಡ. ಎಲೆಯೊಂದಕ್ಕೆ ಮೂರೇ ಜೊತೆ ಕಿರುಎಲೆಗಳು, ಅವುಗಳ ತುದಿ ದುಂಡು. ಕಾಯಿ ಸಣಕಲು, ಕುಡುಗೋಲಿನಂತೆ ಬಾಗಿದ್ದು.

ದೊಡ್ಡ ತಗಚೆಯ ಕಥೆ ಬೇರೆ. ಸಂಸ್ಕೃತದಲ್ಲಿ ಕಾಸಮರ್ದ, ಶಾಸ್ತ್ರೀಯವಾಗಿ ಸೆನ್ನಾ ಆಕ್ಸಿಡೆಂಟಾಲಿಸ್. ಅಮೆರಿಕದ ಉಷ್ಣವಲಯದಿಂದ ಬಂದು ಭಾರತದ ಪಾಳುಭೂಮಿಗಳಲ್ಲಿ, ರಸ್ತೆ ಮತ್ತು ರೈಲುಹಳಿಗಳ ಅಂಚಿನಲ್ಲಿ, ತಿಪ್ಪೆಗಳ ಬಳಿ ಹಬ್ಬಿದ ಗಿಡ. ಆಳೆತ್ತರಕ್ಕೂ ಬೆಳೆಯಬಲ್ಲದು. ಕಿರುಎಲೆಗಳು ಸಾಮಾನ್ಯವಾಗಿ 4ರಿಂದ 6 ಜೊತೆ, ತುದಿ ಚೂಪು. ಎಲೆಯನ್ನು ಹಿಸುಕಿದರೆ ದುರ್ವಾಸನೆ. ಎಲೆದಂಟಿನ ಬುಡದ ಬಳಿ ಒಂದು ಸಣ್ಣ ಗಂಟು. ಕಾಯಿಗಳು ಮೇಲ್ಮುಖವಾಗಿ ನಿಂತಿದ್ದು, ತುಸುವೇ ಬಾಗಿ, ಕಂದುಬಣ್ಣದ ಎರಡು ಅಂಚುಗಳಲ್ಲಿ ತಿಳಿಯಾದ ಪಟ್ಟಿಯನ್ನು ಹೊಂದಿರುತ್ತವೆ.

ಈ ಗಿಡವನ್ನು ಗುರುತಿಸದೆ ಹೋದುದರ ಬೆಲೆಯನ್ನು ಪಶ್ಚಿಮ ಉತ್ತರ ಪ್ರದೇಶದ ಹಳ್ಳಿಗಳು ತೆತ್ತಿವೆ. ಅಲ್ಲಿ ಹಲವು ವರ್ಷಗಳ ಕಾಲ, ಮಳೆಗಾಲ ಕಳೆದು ಚಳಿ ಆರಂಭವಾಗುವ ತಿಂಗಳುಗಳಲ್ಲಿ, ಬಡ ಕುಟುಂಬಗಳ ಚಿಕ್ಕ ಮಕ್ಕಳು ಇದ್ದಕ್ಕಿದ್ದಂತೆ ವಾಂತಿ ಮಾಡಿಕೊಂಡು, ನಡವಳಿಕೆ ಕೆಟ್ಟು, ಪ್ರಜ್ಞೆ ತಪ್ಪಿ, ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು. ಕಾಯಿಲೆ ಬಿದ್ದವರಲ್ಲಿ ಬದುಕುಳಿದವರಿಗಿಂತ ಸತ್ತವರೇ ಹೆಚ್ಚು. ಇದು ವೈರಸ್ಸಿನಿಂದ ಬರುವ ಮೆದುಳು ಜ್ವರವೆಂದು ಭಾವಿಸಲಾಗಿತ್ತು. ಬಿಜನೋರಿನ ಮಕ್ಕಳ ವೈದ್ಯ ವಿಪಿನ್ ವಶಿಷ್ಠ, ವೆಲ್ಲೂರಿನ ಪ್ರಸಿದ್ಧ ವೈರಾಣು ತಜ್ಞ ಟಿ. ಜೇಕಬ್ ಜಾನ್ ಮತ್ತು ಅವರ ಸಂಗಡಿಗರು ಕೂಡಿ ನಡೆಸಿದ ಪರಿಶೋಧನೆ 2007ರಲ್ಲಿ ಪ್ರಕಟವಾಯಿತು. ಕಾಯಿಲೆ ವೈರಸ್ಸಿನದಲ್ಲ, ಆಟವಾಡುತ್ತ ಮಕ್ಕಳು ತಿಂದ ಈ ಗಿಡದ ಬೀಜಗಳ ವಿಷ ಯಕೃತ್ತು, ಸ್ನಾಯು, ಮೆದುಳು ಮೂರನ್ನೂ ಒಟ್ಟಿಗೆ ಹಿಡಿಯುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಮುಂದೆ ಜನರಿಗೆ ತಿಳಿವಳಿಕೆ ಬಂದ ಮೇಲೆ ಸಹಾರನ್‌ಪುರದ ಕಡೆ ಈ ಕಾಯಿಲೆಯೇ ಕಾಣದಂತಾಯಿತೆಂದು ವೈದ್ಯರು 2012ರಲ್ಲಿ ವರದಿ ಮಾಡಿದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಮಕ್ಕಳನ್ನು ಉಳಿಸಿದ್ದು ಹೊಸ ಔಷಧವಲ್ಲ, ಲಸಿಕೆಯಲ್ಲ. ಬೇಲಿಯ ಬದಿಯಲ್ಲಿ ಎಲ್ಲರೂ ದಿನನಿತ್ಯ ಕಂಡು ಯಾರೂ ನೋಡದಿದ್ದ ಒಂದು ಗಿಡದ ಗುರುತು.

ಹಳದಿ ಕಣಗಿಲೆ ಮತ್ತು ಟೆಕೋಮಾ

ಬಡಾವಣೆಯ ಉದ್ಯಾನ, ದೇವಾಲಯದ ಅಂಗಳ, ಕಟ್ಟಡಗಳ ಆವರಣ ಇಂಥ ಕಡೆ ಕಾಣುವ ಹಳದಿ ಪೊದೆ ಹಳದಿ ಕಣಗಿಲೆಯಾಗಿರಬಹುದು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಮೂಲದ ಈ ಗಿಡದ ಶಾಸ್ತ್ರೀಯ ನಾಮದಲ್ಲಿರುವ ‘ಥೆವೇಶಿಯಾ’ ಎಂಬ ಪದ 16ನೆಯ ಶತಮಾನದ ಫ್ರೆಂಚ್ ಸನ್ಯಾಸಿ ಆಂದ್ರೆ ಥೆವೆ ಎಂಬವನ ಸ್ಮರಣೆಗಾಗಿ ಬಂದದ್ದು. ಇದರ ಎಲೆ ಬಿಡಿ ಎಲೆ. ಉದ್ದವಾಗಿ, ಕಿರಿದಾಗಿ, ಹೊಳೆಯುತ್ತ ಕಾಂಡದ ಸುತ್ತ ಒತ್ತಾಗಿ ಹಬ್ಬಿರುತ್ತದೆ. ಹೂವು ತಟ್ಟೆಯಲ್ಲ, ಆಲಿಕೆ. ಎಸಳುಗಳು ಒಂದರ ಮೇಲೊಂದು ಸುತ್ತಿಕೊಂಡಿರುತ್ತವೆ. ಕಾಯಿ ಹಸುರಾಗಿದ್ದು ಬಲಿತಾಗ ಕಪ್ಪಾಗುತ್ತದೆ. ಒಳಗೆ ಗಟ್ಟಿಯಾದ ಓಟೆ. ಎಲೆ ಮುರಿದರೆ ಹಾಲು ಒಸರುತ್ತದೆ.

ಗಿಡದ ಎಲ್ಲ ಭಾಗಗಳೂ ವಿಷ. ಅದರ ಸತ್ವ ಹೃದಯದ ಬಡಿತವನ್ನು ನಿಧಾನಗೊಳಿಸಿ ಲಯ ಕೆಡಿಸುತ್ತದೆ. ಹೆದ್ದಾರಿಗಳ ನಡುಪಟ್ಟಿಯಲ್ಲಿ ನೆಡುವ ಗುಲಾಬಿ, ಬಿಳಿ ಬಣ್ಣದ ಕಣಗಿಲೆಗೂ ಇದೇ ಮಾತು ಸಲ್ಲುತ್ತದೆ. ಪೂಜೆಗೆ ಹೂ ಕೊಯ್ಯಬಹುದು. ಕೊಯ್ದ ಕೈಯನ್ನು ತೊಳೆಯದೆ ಊಟಕ್ಕೆ ಕೂಡಬಾರದು, ಆ ಹೂವನ್ನು ನೈವೇದ್ಯದಲ್ಲಾಗಲಿ ತೀರ್ಥದಲ್ಲಾಗಲಿ ಬೆರೆಸಬಾರದು.

ಇನ್ನೊಂದು ಟೆಕೋಮಾ. ಇದೂ ಅಮೆರಿಕ ಖಂಡದಿಂದ ತೋಟದ ಅಲಂಕಾರಕ್ಕೆಂದು ಬಂದದ್ದು. ಈಗ ಹಲವೆಡೆ ತಾನೇ ಬೆಳೆಯುತ್ತದೆ. ಹೂವು ಘಂಟೆಯ ಆಕಾರದ್ದು, ರೆಂಬೆಯ ತುದಿಯಲ್ಲಿ ಗೊಂಚಲಾಗಿ ಬಿಡುತ್ತದೆ. ದಂಟಿನ ಎರಡು ಬದಿಗಳಲ್ಲಿ ಕಿರುಎಲೆಗಳಿರುವುದರಿಂದ ದೂರಕ್ಕೆ ತಂಗಡಿಯೆಂಬ ಭ್ರಮೆ ಬರಬಹುದು. ಆದರೆ ಇದರ ಕಿರುಎಲೆಗಳ ಅಂಚು ಗರಗಸದಂತೆ ಹಲ್ಲುಹಲ್ಲಾಗಿದೆ. ತುದಿಯಲ್ಲಿ ಜೊತೆಯಿಲ್ಲದ ಒಂದು ಎಲೆ ಇರುತ್ತದೆ. ತಂಗಡಿಯಲ್ಲಿ ಅಂಚು ನುಣುಪು, ಕೊನೆಯವರೆಗೂ ಜೋಡಿ ಎಲೆಗಳು.

ಒಂದು ಕ್ಷಣದಲ್ಲಿ ಏನನ್ನು ನೋಡಬೇಕು

ಇಷ್ಟನ್ನು ತಿಳಿದ ಮೇಲೆ ಕ್ಷಣಮಾತ್ರದ ನೋಟವನ್ನು ಬಳಸಿಕೊಳ್ಳುವ ಕ್ರಮ ತಾನಾಗಿ ಹೊಳೆಯುತ್ತದೆ. ಬಣ್ಣವನ್ನು ನೆನಪಿಡಲು ಶ್ರಮ ಬೇಕಿಲ್ಲ, ಅದು ಉಳಿದೇ ಉಳಿಯುತ್ತದೆ. ಶ್ರಮವನ್ನು ಬೇರೆ ಐದು ಪ್ರಶ್ನೆಗಳಿಗೆ ಮೀಸಲಿಡಬೇಕು.

ಮೊದಲನೆಯದು, ಸ್ಥಳ ಮತ್ತು ಕಾಲ. ಹತ್ತಿರದ ನಿಲ್ದಾಣ ಯಾವುದು, ತಿಂಗಳು ಯಾವುದು, ನೆಲ ಒಣಗಿದ್ದೋ ಜವುಗೋ, ಗಿಡಗಳು ಸಾಲಾಗಿ ನೆಟ್ಟವೋ ತಾವಾಗಿ ಚೆದುರಿ ಬೆಳೆದವೋ. ಗಿಡ ಕಣ್ಮರೆಯಾದ ಮೇಲೂ ಉತ್ತರಿಸಬಹುದಾದ ಪ್ರಶ್ನೆ ಇದೊಂದೇ. ಅನೇಕ ಹೆಸರುಗಳನ್ನು ಪಟ್ಟಿಯಿಂದ ತೆಗೆದುಹಾಕುವುದೂ ಇದೇ.

ಎರಡನೆಯದು, ನಿಲುವು. ಬುಡದಿಂದಲೇ ಕವಲೊಡೆದು ದುಂಡಾಗಿದೆಯೋ, ಒಂದೇ ಕಾಂಡದ ಮೇಲೆ ನೆಟ್ಟಗೆ ನಿಂತಿದೆಯೋ, ಮೊಣಕಾಲೆತ್ತರವೋ, ಆಳೆತ್ತರವೋ.

ಮೂರನೆಯದು, ಎಲೆ. ಮಾವಿನಂತೆ ಬಿಡಿ ಎಲೆಯೋ, ಹುಣಿಸೆಯಂತೆ ಸಾಲುಎಲೆಯೋ? ಈ ಒಂದೇ ಉತ್ತರದಿಂದ ತಂಗಡಿಯ ಬಳಗ ಒಂದು ಕಡೆಗೂ ಕಣಗಿಲೆಯ ಬಳಗ ಇನ್ನೊಂದು ಕಡೆಗೂ ಬೇರ್ಪಡುತ್ತವೆ. ಕಣ್ಣಿಗೆ ಒಂದನ್ನೇ ನೋಡುವಷ್ಟು ವ್ಯವಧಾನವಿದ್ದರೆ ಹೂವನ್ನು ಬಿಟ್ಟು ಎಲೆಯನ್ನು ನೋಡುವುದು ಜಾಣತನ.

ನಾಲ್ಕನೆಯದು, ಹೂವಿನ ಆಕಾರ. ತಟ್ಟೆಯೋ, ಘಂಟೆಯೋ, ಆಲಿಕೆಯೋ. ರೆಂಬೆಯ ತುದಿಯಲ್ಲಿ ಗೊಂಚಲಾಗಿದೆಯೋ, ಎಲೆಗಳ ಸಂದಿಯಲ್ಲಿ ಒಂದೆರಡಾಗಿದೆಯೋ.

ಐದನೆಯದು, ಕಾಯಿ. ಹೂವಿರುವ ಪೊದೆಯಲ್ಲಿ ಹಲವು ವೇಳೆ ಹಿಂದಿನ ಹೂಗಳ ಕಾಯಿಯೂ ಇರುತ್ತದೆ. ಚಪ್ಪಟೆಯೋ, ಸಣಕಲೋ, ಉರುಟೋ. ಜೋತುಬಿದ್ದಿದೆಯೋ, ಮೇಲಕ್ಕೆ ನಿಂತಿದೆಯೋ.

ಗಾಡಿ ಮುಂದೆ ಸರಿದೊಡನೆ ಪಕ್ಕದವರ ಅಭಿಪ್ರಾಯ ಕೇಳುವ ಮೊದಲೇ ಇವನ್ನು ಟಿಕೇಟಿನ ಹಿಂಭಾಗದಲ್ಲೋ ಮೊಬೈಲಿನಲ್ಲೋ ಬರೆದಿಟ್ಟುಕೊಳ್ಳುವುದು ಲೇಸು. ನೆನಪು ಬಹಳ ಉದಾರಿ. ಬೇರೊಬ್ಬರು ಹೆಸರೊಂದನ್ನು ಹೇಳಿದ ಕ್ಷಣವೇ ಆ ಹೆಸರಿಗೆ ಬೇಕಾದ ಎಲೆಯನ್ನೂ ಕಾಯಿಯನ್ನೂ ತಾನೇ ಒದಗಿಸಿಬಿಡುತ್ತದೆ. ನೋಡದೆ ಇದ್ದುದಕ್ಕೆ ‘ನೋಡಿಲ್ಲ’ ಎಂದೇ ಬರೆಯಬೇಕು. ಖಾಲಿ ಬಿಟ್ಟ ಕಲಮು ಸುಳ್ಳು ತುಂಬಿದ ಕಲಮಿಗಿಂತ ಮೇಲು.

ಊಹೆಯಿಂದ ಖಾತ್ರಿಗೆ

ಇಂದು ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದರೆ ಗಿಡದ ಹೆಸರು ಸೂಚಿಸುವ ಸೌಲಭ್ಯಗಳಿವೆ. ಅವು ಉಪಯುಕ್ತವೇ ಸರಿ. ಆದರೆ ಅವು ಕೊಡುವುದು ಸೂಚನೆ, ತೀರ್ಪಲ್ಲ. ಓಡುವ ಗಾಡಿಯಿಂದ ತೆಗೆದ ಮಸುಕು ಚಿತ್ರದಲ್ಲಿರುವುದು ಹಳದಿ ಬಣ್ಣ ಮಾತ್ರವಾದರೆ ಯಂತ್ರವೂ ಮನುಷ್ಯನಂತೆಯೇ ಎಡವುತ್ತದೆ. ಗಿಡ ಕೈಗೆ ಸಿಗುವಂತಿದ್ದರೆ ಹೂವು, ಎಲೆಯ ಮೇಲ್ಭಾಗ, ಎಲೆಯ ಬುಡ, ಕಾಯಿ, ಇಡೀ ಗಿಡ ಹೀಗೆ ಐದು ಚಿತ್ರಗಳನ್ನು ತೆಗೆಯಬೇಕು.

ತಿಳಿದವರನ್ನು ಕೇಳುವ ಅವಕಾಶ ಮಹಾನಗರಗಳಲ್ಲಿ ಹೆಚ್ಚು. 1890ರಲ್ಲಿ ಸ್ಥಾಪನೆಯಾದ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಗೆ ಪುಣೆ, ಹೈದರಾಬಾದು, ಕೊಯಮತ್ತೂರುಗಳಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಬ್ಲಾಟರ್ ಹರ್ಬೇರಿಯಂ ಎಂಬ ಒಣಸಸ್ಯಗಳ ಸಂಗ್ರಹವಿದೆ. ಹರ್ಬೇರಿಯಂ ಎಂದರೆ ಗಿಡಗಳ ಮಾದರಿ ರುಜುಗಳ ಭಂಡಾರವೆನ್ನಬಹುದು. ಒತ್ತಿ ಒಣಗಿಸಿದ ಪ್ರತಿಯೊಂದು ರೆಂಬೆಯ ಪಕ್ಕದಲ್ಲಿ ಅದು ದೊರೆತ ಸ್ಥಳ, ದಿನ, ಸಂಗ್ರಹಿಸಿದವರ ಹೆಸರು ದಾಖಲಾಗಿರುತ್ತದೆ.

ಗಿಡ ಗುರುತಿಸುವ ಕೆಲಸ ಎಷ್ಟು ರಸವತ್ತಾದುದೆಂಬುದನ್ನು ಕನ್ನಡಿಗರಿಗೆ ತೋರಿಸಿಕೊಟ್ಟವರು ಡಾ. ಬಿ.ಜಿ.ಎಲ್. ಸ್ವಾಮಿ. ಅವರೂ ಹೊರನಾಡ ಕನ್ನಡಿಗರೇ; ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಬಹುಕಾಲ ದುಡಿದವರು. ವಿದ್ಯಾರ್ಥಿಗಳೊಡನೆ ಸಸ್ಯಗಳನ್ನು ಹುಡುಕಿ ಕಾಡುಮೇಡು ಸುತ್ತಿದ ಅನುಭವದ ‘ಹಸುರು ಹೊನ್ನು’ ಗ್ರಂಥಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಗಿಡದ ಹೆಸರನ್ನು ಅರಸಿ ಹೊರಟವರಿಗೆ ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಜೊತೆಗಾರ ದೊರೆಯುವುದು ಕಷ್ಟ.

ಆರೋಗ್ಯದ ದೃಷ್ಟಿಯಿಂದ ಕೆಲವು ಮಾತುಗಳು

ತಂಗಡಿಯ ಸಾರ ಕೊಟ್ಟಾಗ ರಕ್ತದ ಸಕ್ಕರೆ ತಗ್ಗಿದ ವರದಿಗಳು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಬಂದಿವೆ. ಅಷ್ಟರಿಂದಲೇ ವೈದ್ಯರು ಕೊಟ್ಟ ಮಾತ್ರೆಯನ್ನೋ ಇನ್ಸುಲಿನ್ನನ್ನೋ ನಿಲ್ಲಿಸಿ ಕಷಾಯಕ್ಕೆ ಮೊರೆಹೋಗುವುದು ಸರ್ವಥಾ ಸಲ್ಲದು. ಮಾತ್ರೆಯ ಜೊತೆಗೆ ಕಷಾಯವನ್ನೂ ಸೇವಿಸುವವರು ಅದನ್ನು ವೈದ್ಯರಿಂದ ಮುಚ್ಚಿಡಬಾರದು. ದಾರಿಬದಿಯಿಂದ ತಾವೇ ಕಿತ್ತು ತಂದ ಹೂವನ್ನು, ಖಚಿತವಾದ ಗುರುತಿಲ್ಲದೆ, ಯಾವ ಕಾರಣಕ್ಕೂ ಕುದಿಸಿ ಕುಡಿಯಬಾರದು. ಹಳಿಯ ಪಕ್ಕದ, ಗಟಾರದ ಪಕ್ಕದ ಸೊಪ್ಪು ತಗಚೆಯೇ ಆಗಿದ್ದರೂ ಅಡುಗೆಗೆ ಯೋಗ್ಯವಲ್ಲ. ಅಲ್ಲಿನ ಕೊಳಕೆಲ್ಲ ಅದಕ್ಕೆ ತಗುಲಿರುತ್ತದೆ.

ಮಕ್ಕಳಿಗೆ ಗಿಡದ ಭಯ ಹುಟ್ಟಿಸುವುದಕ್ಕಿಂತ ಪರಿಚಯ ಮಾಡಿಸುವುದು ಹಿತ. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ತಾತಂದಿರೊಡನೆ ಬೇಲಿಯ ಸುತ್ತ ಒಂದು ಗಂಟೆ ಅಡ್ಡಾಡಿದರೆ ಹತ್ತು ಗಿಡಗಳ ಹೆಸರು ತಿಳಿದೀತು. ನಗರದಲ್ಲಿ ಬೆಳೆದ ಮಗುವಿಗೆ ‘ಕಾಯಿ ಬೀಜ ಬಾಯಿಗಿಡಬೇಡ’ ಎಂಬ ಒಂದು ಮಾತನ್ನಾದರೂ ರೂಢಿ ಮಾಡಿಸಬೇಕು.

ಅಕಸ್ಮಾತ್ ಯಾರಾದರೂ ಗುರುತಿಲ್ಲದ ಕಾಯಿಯನ್ನೋ ಎಲೆಯನ್ನೋ ತಿಂದರೆ, ಬಾಯಲ್ಲಿ ಉಳಿದುದನ್ನು ತೆಗೆಸಿ, ಬಾಯಿ ಮುಕ್ಕಳಿಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು. ತೊಂದರೆ ಕಾಣಿಸಲಿಲ್ಲವೆಂದು ಕಾಯುತ್ತ ಕೂಡಬಾರದು. ಕೆಲವು ವಿಷಗಳ ಪರಿಣಾಮ ಗಂಟೆಗಳ ಬಳಿಕ ತೋರುತ್ತದೆ. ಮುಖ್ಯವಾಗಿ, ಆ ಗಿಡದ ಎಲೆ, ಹೂ, ಕಾಯಿಗಳಿರುವ ರೆಂಬೆಯೊಂದನ್ನು ಜೊತೆಗೆ ಒಯ್ಯಬೇಕು. ‘ಹಳದಿ ಹೂವಿನ ಗಿಡ’ ಎಂಬ ವರ್ಣನೆಯಿಂದ ವೈದ್ಯರಿಗೆ ಏನೂ ತಿಳಿಯದು. ಆ ರೆಂಬೆಯಿಂದ ಚಿಕಿತ್ಸೆಯ ದಾರಿಯೇ ತಿಳಿದೀತು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿರುವ ರಾಷ್ಟ್ರೀಯ ವಿಷಮಾಹಿತಿ ಕೇಂದ್ರ ಇಂಥ ಸಂದರ್ಭಗಳಲ್ಲಿ ಹಗಲಿರುಳೂ ಸಲಹೆ ನೀಡುತ್ತದೆ.

ಕಣ್ಣಿಗೆ ಕಂಡ ಹೂವಿನ ಚೆಲುವನ್ನು ಸವಿಯಲು ಹೆಸರಿನ ಅಗತ್ಯವಿಲ್ಲ. ಒಂದು ಕ್ಷಣದ ನೋಟವೂ ಅದಕ್ಕೆ ಸಾಕು. ಹೆಸರು ಹೇಳಬೇಕಾದರೆ ಎಲೆ ಕಾಯಿಗಳ ಸಾಕ್ಷ್ಯ ಬೇಕು. ಅದನ್ನು ಮನೆಯ ಒಲೆಯ ಮೇಲೇರಿಸಬೇಕಾದರೆ ಸಾಕ್ಷ್ಯವೂ ಸಾಲದು, ಖಾತ್ರಿಯೇ ಬೇಕು. ಈ ಮೂರು ಮೆಟ್ಟಿಲುಗಳ ಅಂತರವನ್ನು ನೆನಪಿಟ್ಟರೆ ದಾರಿಬದಿಯ ಹೂವು ಸಂತೋಷವನ್ನಷ್ಟೇ ಕೊಟ್ಟು ಸಾಗಿಹೋಗುತ್ತದೆ.